120 ಜನರ ಘಟಕದಲ್ಲಿ ವರ್ಷಕ್ಕೆ 3 ಗಾಯ: ಹೆಚ್ಚೋ ಕಡಿಮೆಯೋ, ಕಾರಣ ಯಾವುದು, ಖರ್ಚೆಷ್ಟು?

ನೀವು ಕೇಳಿದ್ದು ಇದು: 120 ಜನ ದುಡಿಯುವ ಪ್ಯಾಕಿಂಗ್ ಘಟಕ. ಕಳೆದ ವರ್ಷ ಕೆಲಸಕ್ಕೆ ಬರಲಾಗದಂಥ ಗಾಯ ಮೂರು. ಒಬ್ಬರ ಬೆರಳು ಕನ್ವೇಯರ್ ರೋಲರಿಗೆ ಸಿಕ್ಕಿತು, ಒಬ್ಬರು ಪೆಟ್ಟಿಗೆ ಎತ್ತುವಾಗ ಸೊಂಟ ಹಿಡಿದುಕೊಂಡಿತು, ಒಬ್ಬರು ಒದ್ದೆ ನೆಲದಲ್ಲಿ ಜಾರಿದರು. ಮೂರಕ್ಕೂ ವರದಿಯಲ್ಲಿ ಬರೆದ ಕಾರಣ ‘ಅಜಾಗರೂಕತೆ’. ಈ ಸಂಖ್ಯೆ ಹೆಚ್ಚೋ, ಆ ಕಾರಣ ಒಪ್ಪಬಹುದೋ, ವಿಮೆ ಕಟ್ಟಿದ ಮೇಲೂ ಏನು ಖರ್ಚು ಉಳಿಯುತ್ತದೆ?

ಮೊದಲು ಲೆಕ್ಕ. ತಲೆಗಳನ್ನು ಎಣಿಸುವುದು ಬಿಟ್ಟು ದುಡಿದ ಗಂಟೆಗಳನ್ನು ಎಣಿಸಿ. ಓವರ್‌ಟೈಮ್ ಸೇರಬೇಕು, ರಜೆ ಕಳೆಯಬೇಕು, ಗುತ್ತಿಗೆಯವರ ಗಂಟೆಗಳೂ ಬರಬೇಕು. ಒಬ್ಬರಿಗೆ ವರ್ಷಕ್ಕೆ 2,400 ಗಂಟೆ ಎಂದಿಟ್ಟುಕೊಂಡರೆ ನಿಮ್ಮದು 2,88,000 ಗಂಟೆ. ಗಾಯಗಳ ಸಂಖ್ಯೆಯನ್ನು 10 ಲಕ್ಷದಿಂದ ಗುಣಿಸಿ ಗಂಟೆಗಳಿಂದ ಭಾಗಿಸಿದರೆ 10.4 ಬರುತ್ತದೆ. ಕೆಲವು ಕಡೆ 10 ಲಕ್ಷದ ಬದಲು 2 ಲಕ್ಷ ಬಳಸುತ್ತಾರೆ, ಯಾಕೆಂದರೆ 100 ಜನ ವಾರಕ್ಕೆ 40 ಗಂಟೆಯಂತೆ 50 ವಾರ ದುಡಿದರೆ ಅಷ್ಟಾಗುತ್ತದೆ. ಆ ಅಳತೆಯಲ್ಲಿ ನಿಮ್ಮದು 2.1. ಬೇರೆ ಕಾರ್ಖಾನೆಯ ಅಂಕಿಯ ಜೊತೆ ಹೋಲಿಸುವ ಮುನ್ನ ಅವರು ಯಾವುದರಿಂದ ಗುಣಿಸಿದ್ದಾರೆ, ಯಾವ ಗಾಯವನ್ನು ಎಣಿಸಿದ್ದಾರೆ ಎಂದು ಕೇಳಿ. ಔಷಧಿ ಬರೆಸಿಕೊಂಡ ಪ್ರತಿ ಗಾಯವನ್ನೂ ಎಣಿಸುವವರಿದ್ದಾರೆ, ಕೆಲಸದ ದಿನ ತಪ್ಪಿದ್ದನ್ನು ಮಾತ್ರ ಎಣಿಸುವವರೂ ಇದ್ದಾರೆ.

ಆದರೆ ಈ 10.4ಕ್ಕೆ ಹೆಚ್ಚು ತೂಕ ಕೊಡಬೇಡಿ. ಅಪರೂಪದ ಘಟನೆಗಳ ಲೆಕ್ಕದಲ್ಲಿ ಮೂರು ಎಂಬುದು ತೀರ ಸಣ್ಣ ಸಂಖ್ಯೆ. ಅದರ ಹಿಂದಿರುವ ನಿಜವಾದ ಸರಾಸರಿ ವರ್ಷಕ್ಕೆ 0.6ರಿಂದ 8.8ರವರೆಗೆ ಎಲ್ಲಿ ಬೇಕಾದರೂ ಇರಬಹುದು (ಶೇ. 95 ವಿಶ್ವಾಸದ ವ್ಯಾಪ್ತಿ). ಅಂದರೆ ಘಟಕದಲ್ಲಿ ಏನೂ ಬದಲಾಗದೆಯೇ ಮುಂದಿನ ವರ್ಷ 1 ಆಗಬಹುದು, 6 ಆಗಬಹುದು. 3 ಇದ್ದದ್ದು 1 ಆದಾಗ ಬಹುಮಾನ ಹಂಚುವುದಕ್ಕೂ, 5 ಆದಾಗ ಸೂಪರ್‌ವೈಸರನ್ನು ಬದಲಿಸುವುದಕ್ಕೂ ಈ ಅಂಕಿಯಲ್ಲಿ ಆಧಾರವಿಲ್ಲ. ಮೂರು ವರ್ಷಗಳನ್ನು ಒಟ್ಟುಗೂಡಿಸಿ ನೋಡಿದರೆ ಸ್ವಲ್ಪ ಅರ್ಥ ಬರುತ್ತದೆ.

ನಿಮ್ಮ ಪ್ರಶ್ನೆಯಲ್ಲಿ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ಬೇರೆ. ಫಸ್ಟ್ ಏಡ್ ಪುಸ್ತಕದಲ್ಲಿ ವರ್ಷವಿಡೀ ಒಂದೂ ನಮೂದಿಲ್ಲ ಎಂದಿದ್ದೀರಿ. 120 ಜನ ಬ್ಲೇಡು, ಪಟ್ಟಿ, ಪೆಟ್ಟಿಗೆಗಳ ನಡುವೆ ವರ್ಷಪೂರ್ತಿ ದುಡಿದು ಯಾರ ಕೈಯೂ ಕೊಯ್ದುಕೊಳ್ಳಲಿಲ್ಲ ಎಂದರೆ ನಂಬುವಂತಿಲ್ಲ. ಹೇಳಿದರೆ ಬೈಗುಳ ಸಿಗುತ್ತದೆ, ಅಥವಾ ‘ಅಪಘಾತವಿಲ್ಲದ ದಿನಗಳು’ ಎಂಬ ಫಲಕ ಸೊನ್ನೆಗೆ ಇಳಿದು ಎಲ್ಲರ ಬೋನಸ್ ಹೋಗುತ್ತದೆ ಎಂದು ಜನ ಮುಚ್ಚಿಡುತ್ತಿರಬಹುದು. ಅಂಥ ಫಲಕವಿದ್ದರೆ ತೆಗೆಸಿ. ವರದಿಯಾದ ಸಣ್ಣ ಗಾಯಗಳು ಮುಂದಿನ ಆರು ತಿಂಗಳು ಏರಬೇಕು. ಏರಿದರೆ ಅದು ಒಳ್ಳೆಯ ಲಕ್ಷಣ.

ಇನ್ನು ಕಾರಣ. ‘ಅಜಾಗರೂಕತೆ’ ಎಂದು ಬರೆದ ವರದಿಯಿಂದ ಹುಟ್ಟುವ ಪರಿಹಾರ ‘ಎಚ್ಚರಿಕೆಯಿಂದಿರಲು ತಿಳಿಸಲಾಯಿತು’ ಎಂಬ ಒಂದು ಸಾಲು, ಅಷ್ಟೇ. ಯಂತ್ರದಲ್ಲಾಗಲಿ ಕೆಲಸದ ಕ್ರಮದಲ್ಲಾಗಲಿ ಏನೂ ಬದಲಾಗುವುದಿಲ್ಲ. ನಿಮ್ಮ ಮೂರು ಪ್ರಕರಣಗಳನ್ನೇ ಬಿಡಿಸಿ ನೋಡೋಣ.

ಕನ್ವೇಯರ್: ಬೆಲ್ಟ್ ಸೆಕೆಂಡಿಗೆ ಅರ್ಧ ಮೀಟರ್ ಓಡುತ್ತದೆ ಎನ್ನಿ. ಬೆರಳಿಗೆ ಸೆಳೆತ ತಿಳಿದು ಕೈ ಹಿಂದಕ್ಕೆಳೆಯಲು ಕಾಲು ಸೆಕೆಂಡಾದರೂ ಬೇಕು. ಅಷ್ಟರಲ್ಲಿ ಬೆಲ್ಟ್ 12 ಸೆಂ.ಮೀ. ಮುಂದೆ ಹೋಗಿರುತ್ತದೆ, ಅಂದರೆ ಬೆರಳು ಪೂರ್ತಿ ಒಳಗೆ. ಎಚ್ಚರಿಕೆಯ ಮನುಷ್ಯನ ಕೈಯೂ ಇಷ್ಟೇ ಸಮಯ ತೆಗೆದುಕೊಳ್ಳುತ್ತದೆ. ಆದ್ದರಿಂದ ಕೇಳಬೇಕಾದದ್ದು, ಓಡುವ ಬೆಲ್ಟ್ ರೋಲರನ್ನು ಸೇರುವ ಆ ಬಾಯಿಗೆ ಬೆರಳು ತಲುಪಿದ್ದಾದರೂ ಹೇಗೆ? ಗಾರ್ಡ್, ಅಂದರೆ ಕೈ ತಡೆಯುವ ಮುಚ್ಚಳ, ಇತ್ತೇ? ಇದ್ದರೆ ಅದರ ಸೀಳು ಎಷ್ಟಗಲ? ಯಂತ್ರಸುರಕ್ಷತೆಯ ಐಎಸ್‌ಒ 13857 ಮಾನದಂಡದ ಪ್ರಕಾರ ಸೀಳು 12ರಿಂದ 20 ಮಿ.ಮೀ. ಇದ್ದರೆ ಅಪಾಯದ ಜಾಗ ಅದರಿಂದ ಕನಿಷ್ಠ 120 ಮಿ.ಮೀ. ಹಿಂದಿರಬೇಕು. ಉದ್ದನೆಯ ಸೀಳು 20 ಮಿ.ಮೀ. ದಾಟಿತೋ, ಇಡೀ ತೋಳು ಒಳಹೋಗಬಹುದೆಂದು 850 ಮಿ.ಮೀ. ಕೇಳುತ್ತದೆ. ಟೇಪ್ ಹಿಡಿದು ಅಳೆಯಿರಿ, ಹತ್ತು ನಿಮಿಷದ ಕೆಲಸ.

ಗಾರ್ಡ್ ಬಿಚ್ಚಿಟ್ಟಿದ್ದರೆ, ಯಾಕೆ ಬಿಚ್ಚಿದರು ಎಂದು ಕೇಳಿ. ಬಹುಪಾಲು ಸಲ ಉತ್ತರ ಜಾಮ್. ಒಂದು ಶಿಫ್ಟಿನಲ್ಲಿ ಪೆಟ್ಟಿಗೆ 15 ಸಲ ಸಿಕ್ಕಿಕೊಳ್ಳುತ್ತದೆ ಎನ್ನಿ. ಬಿಡಿಸಲು ಅರ್ಧ ನಿಮಿಷ ಸಾಕು, ಆದರೆ ನಿಯಮದ ಪ್ರಕಾರ ಬೀಗ ಹಾಕಿ ಬಿಡಿಸಲು ಆರು ನಿಮಿಷ ಬೇಕು. 15 ಸಲಕ್ಕೆ ಒಂದೂವರೆ ಗಂಟೆ. ಟಾರ್ಗೆಟ್ ಮಾತ್ರ ಹಾಗೇ ಇದೆ. ಇಲ್ಲಿ ಗಾರ್ಡ್ ಬಿಚ್ಚುವುದು, ಗಾರ್ಡ್ ತೆರೆದರೆ ಯಂತ್ರ ನಿಲ್ಲಿಸುವ ಇಂಟರ್‌ಲಾಕ್ ಸ್ವಿಚ್ಚಿಗೆ ಮೋಸಮಾಡಲು ಮ್ಯಾಗ್ನೆಟ್ ಅಂಟಿಸುವುದು ಆ ಲೈನಿನಲ್ಲಿ ಯಾರೇ ನಿಂತರೂ ನಡೆಯುವಂಥದ್ದು. ಮದ್ದು ಜಾಮ್‌ನಲ್ಲಿದೆ: ಗೈಡ್ ರೈಲಿನ ಅಗಲ, ಎರಡು ಬೆಲ್ಟ್‌ಗಳ ನಡುವಿನ ಎತ್ತರದ ವ್ಯತ್ಯಾಸ, ತೇವ ಹೀರಿ ಮೆತ್ತಗಾದ ರಟ್ಟು. 15 ಜಾಮ್ ಎರಡಕ್ಕಿಳಿದರೆ ಆರು ನಿಮಿಷದ ನಿಯಮವನ್ನು ಯಾರೂ ಮುರಿಯುವುದಿಲ್ಲ.

ಬೀಗ ಹಾಕುವ ಕ್ರಮವನ್ನೂ, ಅಂದರೆ ಲಾಕ್‌ಔಟ್ ಅನ್ನೂ, ಇಲ್ಲೇ ಹೇಳಿಬಿಡುತ್ತೇನೆ. ಸುತ್ತಲಿನವರಿಗೆ ತಿಳಿಸಿ, ಯಂತ್ರವನ್ನು ಮಾಮೂಲಿ ಬಟನ್‌ನಿಂದ ನಿಲ್ಲಿಸಿ, ಕರೆಂಟ್ ಕಡಿಯುವ ಮುಖ್ಯ ಸ್ವಿಚ್ಚನ್ನು (ಮೇನ್ ಐಸೊಲೇಟರ್) ಆಫ್ ಮಾಡಿ, ಒಳಗೆ ಕೈ ಹಾಕುವ ಪ್ರತಿಯೊಬ್ಬರೂ ತಮ್ಮ ತಮ್ಮ ಬೀಗ ಹಾಕಿ ಕೀಲಿಯನ್ನು ಜೇಬಿಗಿಳಿಸಲಿ, ಉಳಿದ ಶಕ್ತಿಯನ್ನು ಬಿಡಿಸಿ, ಕೊನೆಗೆ ಸ್ಟಾರ್ಟ್ ಬಟನ್ ಒತ್ತಿ ಹೊರಡುವುದಿಲ್ಲವೆಂದು ಖಚಿತ ಮಾಡಿ, ಬಟನ್ ಮತ್ತೆ ಆಫ್ ಸ್ಥಾನಕ್ಕೆ ತನ್ನಿ. ಜನ ಬಿಟ್ಟುಬಿಡುವುದು ಉಳಿದ ಶಕ್ತಿ ಬಿಡಿಸುವುದನ್ನು ಮತ್ತು ಸ್ಟಾರ್ಟ್ ಒತ್ತಿ ನೋಡುವುದನ್ನು. ಕರೆಂಟ್ ಹೋದರೂ ಏರ್ ಸಿಲಿಂಡರಿನಲ್ಲಿ ಒತ್ತಡ ಉಳಿದಿರುತ್ತದೆ, ಜಾಮ್ ಬಿಟ್ಟ ಕೂಡಲೇ ರಾಡ್ ಚಿಮ್ಮುತ್ತದೆ. ಇಳಿಜಾರಿನ ಬೆಲ್ಟ್ ಭಾರಕ್ಕೇ ಹಿಂದಕ್ಕೆ ಓಡುತ್ತದೆ. ಎಮರ್ಜೆನ್ಸಿ ಸ್ಟಾಪ್ ಒತ್ತಿ ಕೈ ಹಾಕುವುದು ಲಾಕ್‌ಔಟ್ ಅಲ್ಲ, ಏಕೆಂದರೆ ಅದನ್ನು ಯಾರು ಬೇಕಾದರೂ ತಿರುಗಿಸಿ ಬಿಡಿಸಬಹುದು.

ಸೊಂಟ: ಇದಕ್ಕೂ ಲೆಕ್ಕವಿದೆ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆ ನಿಯೋಶ್ 1991ರಲ್ಲಿ ಪರಿಷ್ಕರಿಸಿದ ಎತ್ತುವಿಕೆಯ ಸೂತ್ರ 23 ಕೆ.ಜಿ.ಯಿಂದ ಶುರುವಾಗುತ್ತದೆ. ಅದು ಎಲ್ಲವೂ ಅನುಕೂಲವಾಗಿದ್ದಾಗಿನ ಮಿತಿ. ಪೆಟ್ಟಿಗೆ ದೇಹದಿಂದ, ಅಂದರೆ ಎರಡು ಕಣಕಾಲುಗಳ ನಡುವಿನ ಬಿಂದುವಿನಿಂದ, 25 ಸೆಂ.ಮೀ. ಬದಲು 50 ಸೆಂ.ಮೀ. ದೂರವಿದ್ದರೆ ಮಿತಿ ಅರ್ಧಕ್ಕಿಳಿದು 11.5 ಆಗುತ್ತದೆ. ನೆಲದಿಂದ 15 ಸೆಂ.ಮೀ. ಎತ್ತರದ ಪ್ಯಾಲೆಟ್ ಮೇಲಿಂದ ಎತ್ತಿದರೆ 0.82ರಿಂದ ಗುಣಿಸಿ. 45 ಡಿಗ್ರಿ ತಿರುಗಿದರೆ 0.86. ಅಲ್ಲಿಂದ 60 ಸೆಂ.ಮೀ. ಮೇಲಕ್ಕೊಯ್ದರೆ 0.9. ಈಗ ಮಿತಿ ಸುಮಾರು 7 ಕೆ.ಜಿ. ಇದನ್ನೇ ನಿಮಿಷಕ್ಕೆ 4 ಸಲ, ಇಡೀ ಶಿಫ್ಟ್ ಮಾಡಿದರೆ ಇನ್ನೊಂದು 0.45: ಉಳಿದದ್ದು 3.2 ಕೆ.ಜಿ. ನಿಮ್ಮ ಪೆಟ್ಟಿಗೆ 12 ಕೆ.ಜಿ. ಎಂದಿದ್ದೀರಿ. ಹೇಳಿಕೊಟ್ಟಂತೆ ಮೊಣಕಾಲು ಮಡಚಿ ಎತ್ತಿದರೂ ಈ ಅಂತರ ಮುಚ್ಚುವುದಿಲ್ಲ.

ಪರಿಹಾರವೂ ಅದೇ ಸೂತ್ರದಲ್ಲಿದೆ. ಪ್ಯಾಲೆಟ್ಟನ್ನು ಲಿಫ್ಟ್ ಟೇಬಲ್ ಮೇಲಿಟ್ಟು, ಕೈ ಪೆಟ್ಟಿಗೆ ಹಿಡಿಯುವ ಎತ್ತರವನ್ನು 75 ಸೆಂ.ಮೀ.ಗೆ ತಂದು, ತಿರುಗದೆ, ಮೈಗೆ ಹತ್ತಿರ ಹಿಡಿದು ಅದೇ ಮಟ್ಟದಲ್ಲಿ ಸರಿಸುವಂತೆ ಮಾಡಿದರೆ ಅದೇ ವೇಗದಲ್ಲಿ ಮಿತಿ 10 ಕೆ.ಜಿ. ದಾಟುತ್ತದೆ, ಅಂದರೆ ಮೂರು ಪಟ್ಟಿಗೂ ಹೆಚ್ಚು. ಪೆಟ್ಟಿಗೆಯನ್ನು 10 ಕೆ.ಜಿ.ಗೆ ಇಳಿಸಿದರೆ ಸರಿಹೋಯಿತು. ಸೊಂಟದ ಬೆಲ್ಟ್ ಕೊಂಡು ಹಂಚಬೇಡಿ. ಅದು ಗಾಯ ತಡೆಯುತ್ತದೆಂಬುದಕ್ಕೆ ಒಳ್ಳೆಯ ಆಧಾರವಿಲ್ಲ.

ಜಾರಿಬಿದ್ದದ್ದಕ್ಕೆ ಹೆಚ್ಚು ಹೇಳಬೇಕಿಲ್ಲ. ನೀರು ಎಲ್ಲಿಂದ ಬಂತು ಎಂದು ಹುಡುಕಿ ಅದನ್ನು ನಿಲ್ಲಿಸಿ. ಹಳದಿ ಫಲಕ ನೀರನ್ನು ಒರೆಸುವುದಿಲ್ಲ.

ತನಿಖೆಯಲ್ಲಿ ಇನ್ನೆರಡು ಕಾಲಂ ಸೇರಿಸಿ: ಆ ಕೆಲಸಕ್ಕೆ ಸೇರಿ ಎಷ್ಟು ದಿನವಾಗಿತ್ತು, ಶಿಫ್ಟಿನ ಎಷ್ಟನೇ ಗಂಟೆ. ಟೊರಾಂಟೊದ ಕೆಲಸ ಮತ್ತು ಆರೋಗ್ಯ ಸಂಸ್ಥೆಯ ಅಧ್ಯಯನಗಳಲ್ಲಿ, ಹೊಸ ಕೆಲಸದ ಮೊದಲ ತಿಂಗಳಲ್ಲಿ ಗಾಯದ ಅಪಾಯ ಒಂದು ವರ್ಷ ದಾಟಿದವರಿಗಿಂತ ಮೂರು ಪಟ್ಟಿಗೂ ಹೆಚ್ಚು ಎಂದು ಕಂಡಿದೆ. ರಾತ್ರಿ ಪಾಳಿಯಲ್ಲಿ ಬೆಳಗಿನ ಪಾಳಿಗಿಂತ ಸುಮಾರು ಶೇ. 30 ಹೆಚ್ಚು. ಹೊಸಬರನ್ನು ಮೊದಲ ವಾರವೇ ರಾತ್ರಿಗೆ ಹಾಕುತ್ತಿದ್ದರೆ ಎರಡನ್ನೂ ಒಟ್ಟಿಗೆ ಕಟ್ಟಿದಂತೆ.

ಖರ್ಚಿಗೆ ಬರೋಣ. ವಿಮೆ ಕೊಡುವುದು ಚಿಕಿತ್ಸೆ ಮತ್ತು ಸಂಬಳದ ಒಂದು ಭಾಗ. ಉಳಿದದ್ದು ಯಾವ ಬಿಲ್ಲಿನಲ್ಲೂ ಒಂದೇ ಕಡೆ ಕಾಣುವುದಿಲ್ಲ, ಹಾಗಾಗಿ ಗಂಟೆಗಳಲ್ಲಿ ಬರೆದಿಡಿ. ಉದಾಹರಣೆಗೆ ಬೆರಳಿನ ಪ್ರಕರಣದಲ್ಲಿ 8 ಜನರ ಲೈನ್ 2 ಗಂಟೆ ನಿಂತರೆ 16 ಗಂಟೆ. ತನಿಖೆಗೆ 4 ಜನ 6 ಗಂಟೆಯಂತೆ 24. ಬದಲಿಯವರಿಗೆ ಎರಡು ವಾರ, ಅಂದರೆ 96 ಗಂಟೆ, ಶೇ. 60 ವೇಗವಿದ್ದರೆ ಕಳೆದುಹೋದದ್ದು ಸುಮಾರು 38 ಗಂಟೆ, ಕಲಿಸುವವರದ್ದು 20. ಅಲ್ಲಿಗೆ 98 ಗಂಟೆ. ಇದರ ಮೇಲೆ ಓವರ್‌ಟೈಮ್ ದರ, ಹಾಳಾದ ಮಾಲು, ತಡವಾದ ಲಾರಿ, ಮುಂದಿನ ವರ್ಷ ಏರುವ ಪ್ರೀಮಿಯಂ.

ಪರೋಕ್ಷ ಖರ್ಚು ನೇರ ಖರ್ಚಿನ ನಾಲ್ಕು ಪಟ್ಟು ಎಂಬ ಮಾತು ಎಲ್ಲ ತರಬೇತಿಗಳಲ್ಲೂ ಕೇಳುತ್ತದೆ. 1931ರಲ್ಲಿ ಅಮೆರಿಕದ ವಿಮಾ ಕಂಪನಿಯೊಂದರ ಹೈನ್ರಿಚ್ ಪ್ರಚಾರಕ್ಕೆ ತಂದ ಲೆಕ್ಕ ಅದು. ಎಲ್ಲ ಗಾಯಕ್ಕೂ ಅನ್ವಯಿಸಬೇಡಿ. ಅಮೆರಿಕದ ಕಾರ್ಮಿಕ ಸುರಕ್ಷತಾ ಸಂಸ್ಥೆ ಓಶಾದ ಲೆಕ್ಕಪತ್ರದಲ್ಲಿ ನೇರ ಖರ್ಚು 3,000 ಡಾಲರ್ ಒಳಗಿದ್ದರೆ ಪರೋಕ್ಷ ಖರ್ಚು ಅದರ 4.5 ಪಟ್ಟು, 5,000 ದಾಟಿದರೆ 1.2, 10,000 ದಾಟಿದರೆ 1.1. ಗಾಯ ಸಣ್ಣದಾದಷ್ಟೂ ಮರೆಯಲ್ಲಿರುವ ಪಾಲು ದೊಡ್ಡದು. ಆಡಳಿತಕ್ಕೆ ನಾಟುವ ಲೆಕ್ಕ ಇನ್ನೊಂದಿದೆ: ಒಟ್ಟು ಖರ್ಚನ್ನು ಲಾಭದ ಪ್ರಮಾಣದಿಂದ ಭಾಗಿಸಿ. ಲಾಭ ಶೇ. 5 ಇದ್ದರೆ, ಗಾಯಕ್ಕೆ ಹೋದ ಪ್ರತಿ 1 ಪಾಲಿಗೆ 20 ಪಾಲು ಮಾರಾಟ ಮಾಡಬೇಕು. ಆಗ ಲಿಫ್ಟ್ ಟೇಬಲ್ ದುಬಾರಿ ಎನ್ನಿಸುವುದಿಲ್ಲ.

ಹಾಗಂತ ಕಂಪನಿಯ ಖರ್ಚೇ ಪೂರ್ತಿ ಖರ್ಚಲ್ಲ. ಬೆರಳು ಹೋದವರ ಮುಂದಿನ ಇಪ್ಪತ್ತು ವರ್ಷದ ಗಳಿಕೆ, ಅವರನ್ನು ನೋಡಿಕೊಳ್ಳಲು ಮನೆಯವರು ಬಿಟ್ಟ ಕೂಲಿ, ಇವು ಯಾವ ಲೆಡ್ಜರಿಗೂ ಬರುವುದಿಲ್ಲ. ಕೆಲಸದಿಂದಾಗುವ ಗಾಯ ಮತ್ತು ಕಾಯಿಲೆಗಳ ನಷ್ಟ ಜಗತ್ತಿನ ಒಟ್ಟು ಉತ್ಪನ್ನದ ಸುಮಾರು ಶೇ. 4 ಎಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ ಅಂದಾಜಿಸಿದೆ.

ಕೊನೆಯದಾಗಿ, ನೀವು ಕೇಳದ ಎರಡು ವಿಷಯ. ಸಣ್ಣ ಗಾಯ ಕಡಿಮೆಯಾದರೆ ಸಾವೂ ತಾನಾಗಿ ಕಡಿಮೆಯಾಗುತ್ತದೆಂಬ ಪಿರಮಿಡ್ ಚಿತ್ರವನ್ನು ನಂಬಿ ಕೂರಬೇಡಿ. ಕೈ ಕೊಯ್ದುಕೊಳ್ಳುವ ಕಾರಣ ಬೇರೆ, ಫೋರ್ಕ್‌ಲಿಫ್ಟ್ ಹಿಮ್ಮುಖವಾಗಿ ಬಂದು ಹಾಯುವ ಕಾರಣ ಬೇರೆ. ಫೋರ್ಕ್‌ಲಿಫ್ಟ್ ಓಡಾಡುವ ದಾರಿ, ಛಾವಣಿಯ ಮೇಲಿನ ಕೆಲಸ, ತೊಟ್ಟಿಯೊಳಗೆ ಇಳಿಯುವುದು, ಕರೆಂಟ್ ಹರಿಯುತ್ತಿರುವ ವಿದ್ಯುತ್ ಪ್ಯಾನಲ್: ಈ ನಾಲ್ಕನ್ನು ಗಾಯದ ದಾಖಲೆ ಖಾಲಿ ಇದ್ದರೂ ತಿಂಗಳಿಗೊಮ್ಮೆ ಹೋಗಿ ನೋಡಿ. ಹಲವು ದೇಶಗಳ ತೀವ್ರತೆಯ ಲೆಕ್ಕದಲ್ಲಿ ಒಂದು ಸಾವನ್ನು 6,000 ಕಳೆದ ದಿನಗಳೆಂದು ಎಣಿಸುತ್ತಾರೆ. ನಿಮ್ಮ ಮೂರೂ ಗಾಯಗಳಿಂದ ತಪ್ಪಿದ್ದು 65 ದಿನ.

ಎರಡನೆಯದು ಕಾಯಿಲೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 2023ರ ವರದಿಯಂತೆ ಕೆಲಸದ ಕಾರಣಕ್ಕೆ ವರ್ಷಕ್ಕೆ ಸುಮಾರು 29 ಲಕ್ಷ ಜನ ಸಾಯುತ್ತಾರೆ. ಅದರಲ್ಲಿ 26 ಲಕ್ಷ ಕಾಯಿಲೆಯಿಂದ, 3.3 ಲಕ್ಷ ಅಪಘಾತದಿಂದ. ಗಾಯದ ಪುಸ್ತಕದಲ್ಲಿ ದೂಳು, ದ್ರಾವಕ, ಸದ್ದು ಯಾವುದೂ ಬರುವುದಿಲ್ಲ. ನಿಮ್ಮಲ್ಲಿ ಕೂಡಲೇ ನೋಡಬಹುದಾದದ್ದು ಸದ್ದು: ಒಂದು ತೋಳಿನಷ್ಟು ದೂರದಲ್ಲಿ ನಿಂತವರಿಗೆ ದನಿ ಏರಿಸಿ ಹೇಳಬೇಕಾದರೆ ಅಲ್ಲಿ 85 ಡೆಸಿಬೆಲ್ ಆಸುಪಾಸು ಇದೆ ಎಂದು ತಿಳಿದು ಮೀಟರ್ ತರಿಸಿ. ನಿಯೋಶ್ ಪ್ರಕಾರ 85ಕ್ಕೆ 8 ಗಂಟೆ ಮಿತಿ, ಪ್ರತಿ 3 ಡೆಸಿಬೆಲ್ ಏರಿದಂತೆ ಸಮಯ ಅರ್ಧ; 94ಕ್ಕೆ ಒಂದೇ ಗಂಟೆ. ಕೆಲಸಕ್ಕೆ ಸೇರುವಾಗ ಒಮ್ಮೆ, ನಂತರ ವರ್ಷಕ್ಕೊಮ್ಮೆ ಕಿವಿ ಪರೀಕ್ಷೆ ಮಾಡಿಸಿ, ಫಲಿತಾಂಶದ ಒಂದು ಪ್ರತಿಯನ್ನು ಆ ಕಾರ್ಮಿಕರ ಕೈಗೇ ಕೊಡಿ.