ಚೌಡಯ್ಯನವರ ಪಿಟೀಲಿಗೆ ಏಳು ತಂತಿ ಯಾಕೆ?

ಎಲ್ಲರ ಪಿಟೀಲಿಗೂ ನಾಲ್ಕೇ ತಂತಿ ಇರುವಾಗ ಮೈಸೂರು ಚೌಡಯ್ಯನವರು ಏಳು ಯಾಕೆ ಹಾಕಿಕೊಂಡರು, ಈಗ ಆ ಪಿಟೀಲು ಯಾಕೆ ಅಷ್ಟಾಗಿ ಕಾಣಿಸಲ್ಲ ಎಂದು ಕೇಳಿದ್ದೀರಿ. ಎರಡಕ್ಕೂ ಕಾರಣ ಮೈಕು. ಆಗ ಅದು ಇರಲಿಲ್ಲ, ಆಮೇಲೆ ಬಂತು.

1920ರ ದಶಕದ ಕಚೇರಿಗಳನ್ನು ನೆನೆಸಿಕೊಳ್ಳಿ. ಸಂಗೀತ ಅರಮನೆಯಿಂದ ಹೊರಗೆ ಬಂದು ಸಭೆಗಳಲ್ಲಿ, ರಾಮನವಮಿ ಚಪ್ಪರಗಳಲ್ಲಿ ನಡೆಯುತ್ತಿತ್ತು. ಹಿಂದಿನ ಸಾಲಿನವರಿಗೂ ಕೇಳಲಿ ಎಂದು ವಿದ್ವಾಂಸರು ಕಂಠ ಬಿಟ್ಟು ಹಾಡುತ್ತಿದ್ದರು. ಮೃದಂಗ ಹೇಗೂ ಕೇಳಿಸುತ್ತೆ. ಇಬ್ಬರ ನಡುವೆ ಸೊರಗುತ್ತಿದ್ದದ್ದು ಪಿಟೀಲು. ನಮ್ಮಲ್ಲಿ ಹಾಡುವವರ ಶ್ರುತಿಗೆ ತಕ್ಕಂತೆ ತಂತಿಯನ್ನು ಸಡಿಲ ಮಾಡಿಕೊಳ್ಳುತ್ತೇವೆ ಅಲ್ವಾ? ಗಮಕಕ್ಕೆ, ಅಂದರೆ ಸ್ವರವನ್ನು ತೂಗಿ ಜಾರಿಸಿ ನುಡಿಸುವುದಕ್ಕೆ, ಅದು ಒಳ್ಳೆಯದೇ, ಆದರೆ ನಾದದ ಜೋರು ತಗ್ಗುತ್ತದೆ.

1927ರಲ್ಲಿ ಚೌಡಯ್ಯನವರು ಇದಕ್ಕೊಂದು ದಾರಿ ಕಂಡುಕೊಂಡರು. ನಾಲ್ಕು ತಂತಿಗಳಲ್ಲಿ ಮೂರಕ್ಕೆ ಒಂದೊಂದು ಜೋಡಿ ತಂತಿ ಕಟ್ಟಿದರು. ಅಲ್ಲಿಗೆ ಏಳಾಯಿತು. ಕಮಾನು ಎಳೆದಾಗ ಜೋಡಿಯ ಎರಡೂ ತಂತಿ ಒಟ್ಟಿಗೆ ನುಡಿಯುತ್ತವೆ, ನಾದ ದಪ್ಪವಾಗುತ್ತದೆ, ದೂರಕ್ಕೆ ಹೋಗುತ್ತದೆ.

ಹೇಳುವುದಕ್ಕೆ ಸುಲಭ, ನುಡಿಸುವುದು ಬಹಳ ಕಷ್ಟ. ಒಂದೇ ಬೆರಳು ಎರಡು ತಂತಿಯನ್ನು ಸಮನಾಗಿ ಒತ್ತಬೇಕು, ಗಮಕದಲ್ಲಿ ಎರಡನ್ನೂ ಕೂಡಿಸಿಕೊಂಡೇ ಜಾರಬೇಕು. ಜೋಡಿಯಲ್ಲಿ ಒಂದು ಕೂದಲೆಳೆಯಷ್ಟು ಶ್ರುತಿ ತಪ್ಪಿದರೂ ಕಿವಿಗೆ ಕರಕರ ಅನ್ನುತ್ತದೆ. ತಂತಿ ಬಿಗಿಮಾಡುವ ಏಳು ಬಿರಡೆಗಳನ್ನು ಕಚೇರಿಯ ಮಧ್ಯೆ ಸರಿಮಾಡಿಕೊಳ್ಳುವ ಪಾಡು ಬೇರೆ. ಹಾಗಾಗಿ ಮೈಕು ಬಂದ ಮೇಲೆ ಹೆಚ್ಚಿನವರಿಗೆ ಈ ಕಷ್ಟ ಬೇಕಾಗಲಿಲ್ಲ. ಅದನ್ನು ತಪ್ಪು ಅನ್ನಲಾರೆ.

ಆದರೆ ಚೌಡಯ್ಯನವರನ್ನು ಬರೀ ಏಳು ತಂತಿಯ ವಿಶೇಷ ಎಂದು ನೆನಪಿಟ್ಟುಕೊಳ್ಳುವುದು ನನಗೆ ಬೇಜಾರಿನ ವಿಷಯ. ಅವರು ಹುಟ್ಟಿದ್ದು 1895ರಲ್ಲಿ, ತಿರುಮಕೂಡಲಿನಲ್ಲಿ. ಕಲಿತದ್ದು ಮೈಸೂರಿನ ಬಿಡಾರಂ ಕೃಷ್ಣಪ್ಪನವರ ಬಳಿ. ಕೃಷ್ಣಪ್ಪನವರು ಹಾಡುಗಾರರು, ಪಿಟೀಲು ವಿದ್ವಾಂಸರಲ್ಲ! ನನಗೆ ಇದೇ ಮುಖ್ಯ ಅನ್ನಿಸುತ್ತದೆ. ಗುರುಗಳ ಬಾಯಿಂದ ಬಂದದ್ದನ್ನು ಶಿಷ್ಯ ತಂತಿಯ ಮೇಲೆ ತರಬೇಕಿತ್ತು. ಚೌಡಯ್ಯನವರ ಕಮಾನು ಸಾಹಿತ್ಯದ ಅಕ್ಷರ ಬಿಡಿಸಿದಂತೆ ನಡೆಯುವುದಕ್ಕೆ ಈ ಪಾಠವೇ ಕಾರಣ ಎಂದು ನಾನು ನಂಬುತ್ತೇನೆ. ಆ ಹಿಡಿತ ಇಲ್ಲದ ಕೈಗೆ ಏಳು ತಂತಿ ಕೊಟ್ಟರೆ ಬರುವುದು ಸದ್ದು ಮಾತ್ರ.

1957ರಲ್ಲಿ ಮದರಾಸಿನ ಮ್ಯೂಸಿಕ್ ಅಕಾಡೆಮಿ ಅವರಿಗೆ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಜೀವನದ ಬಹುಪಾಲು ಪಕ್ಕವಾದ್ಯದ ಜಾಗದಲ್ಲಿ ಕೂತವರಿಗೆ ಸಿಕ್ಕ ದೊಡ್ಡ ಗೌರವ ಅದು. ಅವರು ತೀರಿಕೊಂಡದ್ದು 1967ರಲ್ಲಿ. ಬೆಂಗಳೂರಿನಲ್ಲಿ ಪಿಟೀಲಿನ ಆಕಾರದಲ್ಲೇ ಕಟ್ಟಿರುವ ಚೌಡಯ್ಯ ಸ್ಮಾರಕ ಭವನ ನೀವು ನೋಡಿರಬಹುದು.

ಬೇರೆಯವರ ವಿವರಣೆಗಿಂತ ನೀವೇ ಕೇಳುವುದು ವಾಸಿ. ಚೆಂಬೈ ವೈದ್ಯನಾಥ ಭಾಗವತರ ಹಾಡಿಗೆ ಚೌಡಯ್ಯನವರು ಪಿಟೀಲು ನುಡಿಸಿರುವ ಹಳೆಯ ಧ್ವನಿಮುದ್ರಣಗಳು ಹುಡುಕಿದರೆ ಸಿಗುತ್ತವೆ. ಗೊರಗೊರ ಸದ್ದು ಇರುತ್ತದೆ, ಸ್ವಲ್ಪ ಸಹಿಸಿಕೊಳ್ಳಿ. ಮೊದಲು ನೆರವಲ್ (ಸಾಹಿತ್ಯದ ಒಂದೇ ಸಾಲನ್ನು ಬೇರೆ ಬೇರೆ ರೀತಿ ಬೆಳೆಸಿ ಹಾಡುವುದು) ಇರುವ ಕೃತಿಯನ್ನೇ ಹಾಕಿ. ಭಾಗವತರು ಒಂದು ಸಾಲು ಹಾಡಿ ಬಿಟ್ಟಾಗ ಪಿಟೀಲು ಅದನ್ನು ಹೇಗೆ ಎತ್ತಿಕೊಳ್ಳುತ್ತದೆ, ಆ ಕಡೆ ಗಮನ ಕೊಡಿ.