ರಿಪೀಟರ್ ತೆರೆಯುತ್ತದೆ, ದನಿ ಮಾತ್ರ ಸಣ್ಣಗೆ ಕೇಳುತ್ತದೆ: ಏಕೆ?

ಹ್ಯಾಮ್ ರೇಡಿಯೋದಲ್ಲಿ ರಿಪೀಟರ್ ಎಂದರೆ ನಿಮ್ಮ ಸಿಗ್ನಲ್ ಹಿಡಿದು ದೂರಕ್ಕೆ ಮರುಪ್ರಸಾರ ಮಾಡುವ ಕೇಂದ್ರ. ಅದು ತೆರೆದರೂ ನಿಮ್ಮ ದನಿ ಸಣ್ಣಗಿದ್ದರೆ, ಮೊದಲು ನಿಮ್ಮ ಹ್ಯಾಂಡಿಯ (ಕೈಯಲ್ಲಿ ಹಿಡಿಯುವ ರೇಡಿಯೋ) ಬ್ಯಾಂಡ್‌ವಿಡ್ತ್ ಸೆಟ್ಟಿಂಗ್ ವೈಡ್ ಇದೆಯೋ ನ್ಯಾರೋ ಇದೆಯೋ ನೋಡಿ. ಎಫ್‌ಎಂನಲ್ಲಿ ದನಿಯ ಜೋರು ನಿಂತಿರುವುದು ಡೀವಿಯೇಶನ್ ಮೇಲೆ, ಅಂದರೆ ಮಾತಿಗೆ ತಕ್ಕಂತೆ ಫ್ರೀಕ್ವೆನ್ಸಿ ಎಷ್ಟು ಅತ್ತಿತ್ತ ಸರಿಯುತ್ತದೆ ಎಂಬುದರ ಮೇಲೆ. ಪವರ್ ಏರಿಸಿದರೆ ಹಿಸ್ ಕಡಿಮೆಯಾದೀತು, ಮಾತು ಜೋರಾಗದು. ವೈಡ್ ರಿಪೀಟರ್ ±5 ಕಿಲೋಹರ್ಟ್ಸ್‌ಗೆ ಹೊಂದಿಸಿದ್ದು. ನೀವು ನ್ಯಾರೋದಲ್ಲಿದ್ದರೆ ಸಿಗುವುದು ±2.5 ಮಾತ್ರ, ಅಂದರೆ ಆಡಿಯೋ 6 ಡೆಸಿಬೆಲ್ ಕಡಿಮೆ. ರಿಪೀಟರ್ ತೆರೆಯಲು ಹ್ಯಾಂಡಿ ಕಳಿಸುವ ಟೋನ್ ಕೂಡ ಕುಗ್ಗಿ, ಕೆಲವೊಮ್ಮೆ ಅದು ತೆರೆಯುವುದೇ ಇಲ್ಲ.

ಬಾವೋಫೆಂಗ್ ಯುವಿ-5ಆರ್ ಆದರೆ ವಿಎಫ್‌ಒ ಮೋಡ್‌ಗೆ (ಫ್ರೀಕ್ವೆನ್ಸಿಯನ್ನು ನೇರವಾಗಿ ಒತ್ತುವ ಮೋಡ್) ಹೋಗಿ, ಮೆನು 5ರಲ್ಲಿ ವೈಡ್ ಆರಿಸಿ. ಹಳೆಯ ಚಾನೆಲ್ ಅಳಿಸಿ ಮತ್ತೆ ಸೇವ್ ಮಾಡಬೇಕು. ಹೆಚ್ಚಿನವರು ಮರೆಯುವುದು ಇದನ್ನೇ.

ಉಲ್ಟಾ ಆದರೆ ಇನ್ನೂ ಕೆಟ್ಟದ್ದು. ವೈಡ್ ಸಿಗ್ನಲ್‌ನ ಅಗಲ ಸುಮಾರು 16 ಕಿಲೋಹರ್ಟ್ಸ್. ನ್ಯಾರೋ ರಿಪೀಟರ್‌ನ ಫಿಲ್ಟರ್‌ನಲ್ಲಿ ಅದು ಹಿಡಿಸದೆ, ಒತ್ತಿ ಹೇಳಿದ ಅಕ್ಷರಗಳೇ ಒಡೆದು ಕತ್ತರಿಸಿದಂತೆ ಕೇಳುತ್ತವೆ. ಆಗ ಸೆಟ್ಟಿಂಗ್ ನ್ಯಾರೋಗೆ ಬದಲಿಸಿ. ಮೈಕ್ ಬಾಯಿಂದ ದೂರ ಹಿಡಿಯುವುದು ತಾತ್ಕಾಲಿಕ ಪರಿಹಾರವಷ್ಟೇ.