ಡಿ ಕ್ಲಾಸ್ ವ್ಯಾಗನ್: ರಿವೆಟ್ ಆಮೇಲೆ, ಮೊದಲು ಬೋಗಿ ತಿರುಗಲಿ

ತೀರ್ಥಹಳ್ಳಿಯಿಂದ ಕೇಳಿದ ಸರ್ ಅವರಿಗೆ. ನಿಮ್ಮ ಪ್ರಶ್ನೆ ಇಷ್ಟು: ಅಂಗಳದಲ್ಲಿ ಮಾದರಿ ರೈಲಿನ 45 ಮಿ.ಮೀ. ಹಳಿ (ಎರಡು ಕಂಬಿಗಳ ನಡುವಿನ ಅಂತರ ಅಷ್ಟು) ಇದೆ, ತಿರುವಿನ ತ್ರಿಜ್ಯ 600 ಮಿ.ಮೀ. ಮೊದಲನೇ ಮಹಾಯುದ್ಧದ ಬ್ರಿಟಿಷ್ ವಾರ್ ಡಿಪಾರ್ಟ್‌ಮೆಂಟ್ ಲೈಟ್ ರೈಲ್ವೇಸ್‌ನ ಡಿ ಕ್ಲಾಸ್ ವ್ಯಾಗನ್ನನ್ನು, ಅಂದರೆ ಸರಕಿನ ಗಾಡಿಯನ್ನು, 1:22.5 ಅಳತೆಯಲ್ಲಿ (ನಿಜದ್ದರ 22.5ರಲ್ಲಿ ಒಂದು ಪಾಲು) 6 ಮಿ.ಮೀ. ಪ್ಲೈವುಡ್‌ನಿಂದ ಕತ್ತರಿಸಿದ್ದೀರಿ. ನೋಡಲು ಏನೋ ಸರಿಯಿಲ್ಲ, ಮಳೆ ಹಿಡಿದ ಮೇಲೆ ತಿರುವಿನಲ್ಲಿ ಹಳಿ ತಪ್ಪುತ್ತಿದೆ, ರಿವೆಟ್, ಅಂದರೆ ಉಕ್ಕಿನ ತಗಡು ಜೋಡಿಸುವ ಮೊಳೆಯ ದುಂಡು ತಲೆ, ಹೇಗೆ ಮೂಡಿಸುವುದು ಅಂತ. ರಿವೆಟ್ ಕೊನೆಗೆ ಇಟ್ಟುಕೊಳ್ಳೋಣ. ಅದಕ್ಕಿಂತ ಮೊದಲು ಎರಡು ತಪ್ಪು ಸರಿಯಾಗಬೇಕು.

ಒಂದು, ಸ್ಕೇಲ್. 45 ಮಿ.ಮೀ. ಹಳಿಗೆ 1:22.5 ಹೊಂದುವುದು ಮೀಟರ್ ಗೇಜಿಗೆ. 1899ರ ಬೀರೂರು–ಶಿವಮೊಗ್ಗ ಗಾಡಿ ಮಾಡುವುದಾದರೆ ಅದೇ ಸರಿ. ಆದರೆ ಡಿ ಕ್ಲಾಸ್ ಓಡಿದ್ದು ಫ್ರಾನ್ಸಿನ ಕಂದಕಗಳ ಹಿಂದಿನ 600 ಮಿ.ಮೀ. ಹಳಿಯ ಮೇಲೆ. ನಮ್ಮ ತರೀಕೆರೆ–ನರಸಿಂಹರಾಜಪುರದ ಪುಟ್ಟ ರೈಲಿನ ಎರಡು ಅಡಿ ಗೇಜ್ ಇತ್ತಲ್ಲ, ಹೆಚ್ಚುಕಡಿಮೆ ಅಷ್ಟೇ ಅಗಲ. 600ನ್ನು 22.5ರಿಂದ ಭಾಗಿಸಿದರೆ 26.7 ಮಿ.ಮೀ. ಬರುತ್ತದೆ. ನಿಮ್ಮ ಚಕ್ರಗಳು 45ರಲ್ಲಿ ನಿಂತಿವೆ. ಅದಕ್ಕೇ ಮೈ ಸಣ್ಣ, ಕಾಲು ಅಗಲ ಅನ್ನಿಸುವುದು. ಹಳಿ ಕೀಳುವುದು ಬೇಡ, ಸ್ಕೇಲನ್ನು 1:13.7ಕ್ಕೆ ಬದಲಿಸಿ. ಆಗ ಒಂದು ಅಡಿಗೆ 22.2 ಮಿ.ಮೀ., ಒಂದು ಇಂಚಿಗೆ 1.85 ಮಿ.ಮೀ. ಗಾಡಿ ದೊಡ್ಡದಾಗುತ್ತದೆ, ನಿಜ. ಆದರೆ ಕೈಯಲ್ಲಿ ಮಾಡುವವರಿಗೆ ದೊಡ್ಡದೇ ಸಲೀಸು. 1:19 ಅಳತೆ ಬೇಕೇ ಬೇಕು ಅನ್ನುವವರು 32 ಮಿ.ಮೀ. ಹಳಿ ಹಾಕಿಕೊಳ್ಳಬೇಕು.

ಎರಡು, ಹಳಿ ತಪ್ಪುವುದು. ಬೋಗಿ ಅಂದರೆ ಇಲ್ಲಿ ನಾವು ಸ್ಟೇಷನ್ನಿನಲ್ಲಿ ಹೇಳುವ ಡಬ್ಬಿಯಲ್ಲ, ಡಬ್ಬಿಯ ಕೆಳಗೆ ತಿರುಗುವ ನಾಲ್ಕು ಚಕ್ರದ ಚೌಕಟ್ಟು. ಈ ವ್ಯಾಗನ್ನಿನ ವಿಶೇಷವೇ ಎರಡು ಬೋಗಿಗಳ ನಡುವೆ ತೊಟ್ಟಿಯ ಹಾಗೆ ಕೆಳಗಿಳಿದ ನೆಲ. ಗಡಿಬಿಡಿಯಲ್ಲಿ ಹಾಸಿದ ಹಳಿಯ ಮೇಲೆ ಭಾರ ತಗ್ಗಿನಲ್ಲಿದ್ದಷ್ಟೂ ಗಾಡಿ ಮಗುಚುವುದು ಕಡಿಮೆ. ಮಾದರಿಯಲ್ಲಿ ಈ ತೊಟ್ಟಿಯೇ ತೊಡಕು. ಬೋಗಿ ತಿರುಗಿದಾಗ ಅದರ ಒಳಮೂಲೆ ತೊಟ್ಟಿಯ ಗೋಡೆಗೆ ತಾಗುತ್ತದೆ, ಮುಂದಿನ ಚಕ್ರ ಹಳಿ ಹತ್ತಿ ಆಚೆ ಬೀಳುತ್ತದೆ.

ಲೆಕ್ಕ ನೋಡಿ. ಬೋಗಿ ಕೇಂದ್ರಗಳ ನಡುವೆ 12 ಅಡಿ, ಅಂದರೆ 267 ಮಿ.ಮೀ. ಎಂದಿಟ್ಟುಕೊಳ್ಳಿ (ನಿಮ್ಮ ನಕ್ಷೆಯಲ್ಲಿ ಬೇರೆ ಇದ್ದರೆ ಅದನ್ನೇ ಹಾಕಿ). ಅದರ ಅರ್ಧ 133.5ನ್ನು 600ರಿಂದ ಭಾಗಿಸಿದರೆ 0.2225, ಬೋಗಿ ತಿರುಗುವ ಕೋನದ ಸೈನ್ ಇದು, ಅಂದರೆ ಕೋನ ಸುಮಾರು 13 ಡಿಗ್ರಿ. ಬೋಗಿ ಚೌಕಟ್ಟು 100 ಮಿ.ಮೀ. ಉದ್ದ, 70 ಅಗಲ ಇದ್ದರೆ, ನೇರ ನಿಂತಾಗ ಅದರ ಮೂಲೆ ಗಾಡಿಯ ಉದ್ದದ ದಿಕ್ಕಿನಲ್ಲಿ ಕೇಂದ್ರದಿಂದ 50 ಮಿ.ಮೀ. ದೂರ. 13 ಡಿಗ್ರಿ ತಿರುಗಿದಾಗ ಅದೇ ಮೂಲೆ 56.5ಕ್ಕೆ ಬರುತ್ತದೆ. ಅಂದರೆ ಆರೂವರೆ ಮಿ.ಮೀ. ತೊಟ್ಟಿಯ ಕಡೆಗೆ. ಹಳಿಯ ಜೋಡಣೆಯ ಓರೆಕೋರೆ ಸೇರಿಸಿ 9 ಮಿ.ಮೀ. ಜಾಗ ಬಿಡಿ. ತಿರುವನ್ನು 1195 ಮಿ.ಮೀ. ತ್ರಿಜ್ಯಕ್ಕೆ ಹಿಗ್ಗಿಸಿದರೆ ಮೂಲೆ ಬರುವುದು ಮೂರೂವರೆಯಷ್ಟೇ, ಆಗ 6 ಸಾಕು.

ನಕ್ಷೆಯಲ್ಲಿ ಅಷ್ಟು ಜಾಗ ಇರದಿದ್ದರೆ ಬೋಗಿಯನ್ನು ಕೊರೆಯಬೇಡಿ, ಅದು ಪಕ್ಕದಿಂದ ಎದ್ದು ಕಾಣುತ್ತದೆ. ತೊಟ್ಟಿಯನ್ನೇ ಎರಡೂ ಕಡೆ ಎರಡೆರಡು ಮಿ.ಮೀ. ಗಿಡ್ಡ ಮಾಡಿ, ಯಾರ ಕಣ್ಣಿಗೂ ಬೀಳುವುದಿಲ್ಲ. ಇನ್ನೂ ಸಾಲದಿದ್ದರೆ ಬೋಗಿಯ ಒಳಗಿನ ಅಡ್ಡಪಟ್ಟಿಯ ಮೂಲೆಗಳನ್ನು ಮಾತ್ರ 45 ಡಿಗ್ರಿಯಲ್ಲಿ ಸವರಿ. ಮೈ ಕತ್ತರಿಸುವ ಮೊದಲೇ ರಟ್ಟಿನಲ್ಲಿ ನೆಲ ಮತ್ತು ತೊಟ್ಟಿ ಮಾಡಿ, ಬೋಗಿ ಸಿಕ್ಕಿಸಿ, ಅತಿ ಬಿಗಿಯಾದ ತಿರುವಿನಲ್ಲಿ ಕೈಯಿಂದ ತಳ್ಳಿ ನೋಡಿ.

ಮಳೆಗಾಲದಲ್ಲೇ ಹಳಿ ತಪ್ಪಲು ಶುರುವಾಯಿತು ಅಂದಿರಲ್ಲ, ಅದಕ್ಕೆ ಕಾರಣ ಪ್ಲೈವುಡ್. ಅಂಗಡಿಯಲ್ಲಿ ಸುಮ್ಮನೆ ಪ್ಲೈ ಎಂದು ಕೇಳಿದರೆ ಕೊಡುವುದು ಎಂಆರ್ ದರ್ಜೆಯದ್ದು, ತೇವಾಂಶ ತಡೆಯುತ್ತದೆಯೇ ಹೊರತು ನೀರನ್ನಲ್ಲ. ಕತ್ತರಿಸಿದ ಅಂಚಿನಿಂದ ನೀರು ಕುಡಿದು ಪದರ ಬಿಟ್ಟು ಉಬ್ಬುತ್ತದೆ. ಇದ್ದ ಒಂದೆರಡು ಮಿ.ಮೀ. ಸಂದು ಹೀಗೆ ಮುಚ್ಚಿಹೋಗಿದೆ. ಐಎಸ್ 710 ಗುರುತಿನ ಮೆರೈನ್ ಪ್ಲೈ ತಡೆಯುತ್ತದೆ, ಆದರೆ ಉಕ್ಕಿನ ಗಾಡಿಗೆ ಮರದ ದಪ್ಪ ಅಂಚು ಒಪ್ಪುವುದಿಲ್ಲ. ಮರದ ನಾರು ಒತ್ತಿ ಮಾಡಿದ ಎಂಡಿಎಫ್ ಹಲಗೆ ಅಂತೂ ಆಗುಂಬೆ ಕಡೆಯ ಮಳೆಗೆ ಹಿಟ್ಟಾಗುತ್ತದೆ.

ನನ್ನ ಆಯ್ಕೆ: ಒಳಗೆ 3 ಮಿ.ಮೀ. ಅಕ್ರಿಲಿಕ್, ಹೊರಗೆ ತೆಳು ಅಲ್ಯೂಮಿನಿಯಂ. ಬೋರ್ಡ್ ಬರೆಯುವ ಅಂಗಡಿಗಳಲ್ಲಿ ಅಕ್ರಿಲಿಕ್ ತುಂಡುಗಳು ಸಿಗುತ್ತವೆ. ಅಲ್ಯೂಮಿನಿಯಂಗೆ ಆಫ್‌ಸೆಟ್ ಪ್ರೆಸ್‌ನ ಹಳೆಯ ಪ್ಲೇಟ್ ಕೇಳಿ. 0.3 ಮಿ.ಮೀ. ಒಳಗಿನ ದಪ್ಪ, ಕತ್ತರಿಯಲ್ಲೇ ಕತ್ತರಿಸಬಹುದು. ಶಾಯಿಯನ್ನು ಥಿನ್ನರ್‌ನಲ್ಲಿ ಒರೆಸಿ. ಅಕ್ರಿಲಿಕ್ ಕೀಲುಗಳಿಗೆ ಅದೇ ಬೋರ್ಡ್ ಅಂಗಡಿಯವರು ಬಳಸುವ ದ್ರಾವಕ ಸಾಕು, ಕಿಟಕಿ ತೆರೆದಿಟ್ಟು ಕೆಲಸ ಮಾಡಿ. ಅಲ್ಯೂಮಿನಿಯಂ ಹೊದಿಕೆಗೆ ಮಾತ್ರ ಫೆವಿಬಾಂಡ್‌ನಂಥ ರಬ್ಬರ್ ಅಂಟು. ಯಾಕೆಂದರೆ 400 ಮಿ.ಮೀ. ಅಕ್ರಿಲಿಕ್ ಏಪ್ರಿಲ್ ಬಿಸಿಲಿನಲ್ಲಿ 30 ಡಿಗ್ರಿ ಕಾದರೆ ಮುಕ್ಕಾಲು ಮಿ.ಮೀ. ಮೀರಿ ಉದ್ದವಾಗುತ್ತದೆ, ಅಲ್ಯೂಮಿನಿಯಂ ಅದರ ಮೂರನೇ ಒಂದರಷ್ಟು. ಗಟ್ಟಿಯಾಗಿ ಒಣಗುವ ಅಂಟು ಹಾಕಿದರೆ ಹೊದಿಕೆ ಉಬ್ಬುತ್ತದೆ ಇಲ್ಲವೇ ಗಾಡಿಯೇ ಬಿಲ್ಲಿನಂತೆ ಬಾಗುತ್ತದೆ. ರಬ್ಬರ್ ಅಂಟು ಎಳೆತ ತಾಳಿಕೊಳ್ಳುತ್ತದೆ. ಹಗುರ ಫೋಮ್ ಹಾಳೆಯಾದ ಸನ್‌ಬೋರ್ಡ್ ಬೇಡ ಮಾರಾಯ್ರೆ, ಕಟ್ಟಡಕ್ಕೆ ಚೆನ್ನ, ಸ್ಕ್ರೂ ಹಿಡಿಯುವ ಜಾಗಕ್ಕೆ ಅಲ್ಲ.

ಈಗ ರಿವೆಟ್. ಬೇಕಾದ್ದಕ್ಕಿಂತ ದೊಡ್ಡ ಅಲ್ಯೂಮಿನಿಯಂ ತುಂಡು ತೆಗೆದುಕೊಳ್ಳಿ. ಹಿಂಬದಿಗೆ ಗ್ರಾಫ್ ಕಾಗದ ಅಂಟಿಸಿ ರಿವೆಟ್‌ಗಳ ಜಾಗ ಗುರುತು ಮಾಡಿ. 3 ಇಂಚು ಅಂತರ ಇದ್ದರೆ 5.5 ಮಿ.ಮೀ.ಗೆ ಒಂದು. ಕೆಳಗೆ ಗಟ್ಟಿ ರಬ್ಬರ್ ಹಾಳೆ, ಮೇಲಿಂದ ತುದಿ ಉರುಟು ಮಾಡಿದ 1.5 ಮಿ.ಮೀ. ಮೊಳೆ. ಕೈಯಿಂದ ಒತ್ತಿದರೆ ಒಂದು ಉಬ್ಬು, ಒಂದು ಚಪ್ಪಟೆ ಆಗುತ್ತದೆ. ಮೊಳೆಯನ್ನು ಮರದ ತುಂಡಿನ ತೂತಿನಲ್ಲಿ ನೇರ ನಿಲ್ಲಿಸಿ, 200 ಗ್ರಾಂ ತೂಕವನ್ನು ಪ್ರತಿಸಲವೂ ಒಂದೇ ಎತ್ತರದಿಂದ, ಸುಮಾರು 40 ಮಿ.ಮೀ.ಯಿಂದ ಬೀಳಿಸಿ. ಎತ್ತರವನ್ನು ಬೇರೆ ಚೂರಿನ ಮೇಲೆ ಪರೀಕ್ಷಿಸಿ ಹೊಂದಿಸಿಕೊಳ್ಳಿ. ತಗಡು ಹರಿದರೆ ಮೊಳೆಯ ತುದಿ ಚೂಪಾಗಿದೆ ಎಂದರ್ಥ. ಸಾಲು ಮುಗಿದ ಮೇಲೆ ತಗಡು ಸುರುಳಿಯಾಗುತ್ತದೆ, ಸ್ವಲ್ಪ ಕುಗ್ಗುತ್ತದೆ ಕೂಡ. ಹಾಗಾಗಿ ರಿವೆಟ್ ಮೊದಲು, ಅಳತೆಗೆ ಕತ್ತರಿಸುವುದು ಆಮೇಲೆ. ಇದನ್ನು ಹಿಂದುಮುಂದು ಮಾಡಿದರೆ ಬಾಗಿಲುಗಳು ಒಂದಕ್ಕೊಂದು ಕೂಡುವುದಿಲ್ಲ.

ಚಕ್ರ: 18 ಇಂಚಿನದ್ದು ಈ ಸ್ಕೇಲಿನಲ್ಲಿ 33 ಮಿ.ಮೀ. ಭದ್ರಾವತಿ, ಶಿವಮೊಗ್ಗದ ಲೇತ್ ಅಂಗಡಿಗಳಲ್ಲಿ ಮಾಡಿಸಬಹುದು, ಆದರೆ ಅಳತೆ ಬರೆದು ಕೊಡಿ: ಚಕ್ರಗಳ ಒಳಮುಖದಿಂದ ಒಳಮುಖಕ್ಕೆ 40 ಮಿ.ಮೀ., ಹಳಿಯ ಒಳಬದಿಗೆ ಇಳಿಯುವ ಅಂಚಿನ (ಫ್ಲಾಂಜ್) ಆಳ 2, ಹಳಿ ಮೇಲೆ ಕೂರುವ ಮುಖ 6 ಮಿ.ಮೀ. ಅಗಲ, 3 ಡಿಗ್ರಿ ಇಳಿಜಾರು, ಅಂಚು ಸೇರುವಲ್ಲಿ ಸಣ್ಣ ದುಂಡು. ಆ ದುಂಡು ಮರೆತರೆ ಚಕ್ರ ಹಳಿಯನ್ನು ಕಚ್ಚುತ್ತದೆ. 4 ಮಿ.ಮೀ. ಆಕ್ಸಲ್, ಅದು ತಿರುಗಲು ಹಿತ್ತಾಳೆ ಬುಶ್ (ಸಣ್ಣ ಕೊಳವೆ). ಹಳಿಯಲ್ಲಿ ಕರೆಂಟ್ ಹರಿಸುವವರು ಒಂದು ಕಡೆಯ ಚಕ್ರಕ್ಕೆ ನೈಲಾನ್ ಬುಶ್ ಹಾಕಿಸಲೇಬೇಕು, ಇಲ್ಲದಿದ್ದರೆ ಆಕ್ಸಲ್ಲೇ ಶಾರ್ಟ್.

ಬೋಗಿಯ ಎರಡು ಪಕ್ಕದ ಚೌಕಟ್ಟುಗಳಲ್ಲಿ ಒಂದನ್ನು ಅಡ್ಡಪಟ್ಟಿಗೆ ಬಿಗಿಯಾಗಿ ಕೂರಿಸಿ. ಇನ್ನೊಂದು ನಡುವಿನ ಒಂದೇ ಸ್ಕ್ರೂ ಮೇಲೆ ಮುಂದೆಹಿಂದೆ ಒಂದು ಮಿ.ಮೀ. ತೂಗಲಿ. ನಾಲ್ಕೂ ಚಕ್ರ ಆಗ ಹಳಿ ಬಿಡುವುದಿಲ್ಲ. ಬೋಗಿಯನ್ನು ಮೈಗೆ ಹಿಡಿಸಲು ಎಂ4 (4 ಮಿ.ಮೀ.) ಬೋಲ್ಟ್, ತಾನಾಗಿ ಸಡಿಲವಾಗದ ನೈಲಾಕ್ ನಟ್. ಒಂದು ಬೋಗಿಯ ಮೇಲೆ ಎಡಕ್ಕೂ ಬಲಕ್ಕೂ ಸಣ್ಣ ದಿಂಬು ಇಟ್ಟು ಪಕ್ಕಕ್ಕೆ ವಾಲದಂತೆ ತಡೆಯಿರಿ, ಇನ್ನೊಂದು ಎಲ್ಲ ಕಡೆಗೂ ವಾಲಲಿ. ಮೂರು ಕಾಲಿನ ಮಣೆ ಯಾವ ನೆಲದಲ್ಲೂ ಅಲ್ಲಾಡುವುದಿಲ್ಲವಲ್ಲ, ಅದೇ ಲೆಕ್ಕ. ಎರಡನ್ನೂ ಬಿಗಿ ಮಾಡಿದರೆ ಮಳೆಗೆ ಕುಸಿದ ಹಳಿಯಲ್ಲಿ ಒಂದು ಚಕ್ರ ಗಾಳಿಯಲ್ಲೇ ನಿಲ್ಲುತ್ತದೆ.

ತೂಕ ಒಟ್ಟು 800 ಗ್ರಾಂ ಆಸುಪಾಸು ಇರಲಿ. 25×5 ಮಿ.ಮೀ. ಕಬ್ಬಿಣದ ಪಟ್ಟಿ ಮೀಟರಿಗೆ ಸುಮಾರು 980 ಗ್ರಾಂ. 200 ಮಿ.ಮೀ.ಯ ಎರಡು ತುಂಡು ತೊಟ್ಟಿಯ ಸುಳ್ಳು ನೆಲದ ಕೆಳಗೆ ಹಾಕಿದರೆ 400 ಗ್ರಾಂ ಆಯಿತು, ಅದೂ ತಗ್ಗಿನಲ್ಲಿ. ತೊಟ್ಟಿಯ ತಳ ಹಳಿಗಿಂತ 8 ಮಿ.ಮೀ. ಮೇಲಿರಲಿ, ಅಂಗಳದ ತರಗೆಲೆ ಸಿಕ್ಕಿಕೊಳ್ಳದ ಹಾಗೆ. ನಾಲ್ಕು ಮೂಲೆಗೂ 2 ಮಿ.ಮೀ. ತೂತು ಕೊರೆಯಿರಿ, ಇಲ್ಲದಿದ್ದರೆ ಅದು ನಿಜವಾಗಿಯೂ ನೀರಿನ ತೊಟ್ಟಿ, ಸೊಳ್ಳೆ ಸಾಕಣೆ. ಬ್ರೇಕ್ ಕಂಬಕ್ಕೆ 2 ಮಿ.ಮೀ. ಸೈಕಲ್ ಕಡ್ಡಿ, ತೆಳು ಸರಳುಗಳಿಗೆ ಮುರಿದ ಕೊಡೆಯ ಕಡ್ಡಿ.

ಬಣ್ಣಕ್ಕೆ ಮೊದಲು ಅಲ್ಯೂಮಿನಿಯಂ ಮೇಲೆ ಎಚ್ ಪ್ರೈಮರ್ (etch primer, ಲೋಹಕ್ಕೆ ಕಚ್ಚಿ ಹಿಡಿಯುವ ಮೊದಲ ಲೇಪ) ಬೇಕೇ ಬೇಕು, ವಾಹನದ ಬಣ್ಣದ ಅಂಗಡಿಯಲ್ಲಿ ಸಿಗುತ್ತದೆ. ಅದಿಲ್ಲದೆ ಹೊಡೆದ ಬಣ್ಣ ಉಗುರಿಗೇ ಎದ್ದು ಬರುತ್ತದೆ. ಮಳೆ ಸುರಿಯುವಾಗ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ ಸ್ಪ್ರೇ ಮಾಡಬೇಡಿ. ಗಾಳಿಯ ತೇವ ಹಿಡಿದು ಬಿಳಿ ಮಂಜು ಕೂರುತ್ತದೆ. ಕಾಯಲಾಗದಿದ್ದರೆ ಎನಾಮಲ್ ಬಳಸಿ. ಕಪ್ಪು-ಬಿಳುಪು ಫೋಟೋದಿಂದ ಬಣ್ಣದ ಛಾಯೆಯ ಬಗ್ಗೆ ಜಗಳ ಆಡುವುದರಲ್ಲಿ ಅರ್ಥವಿಲ್ಲ, ಮಂಕಾದ ಬೂದು ಹಾಕಿ, ಡಬ್ಲ್ಯೂ ಮತ್ತು ಡಿ ನಡುವೆ ಬ್ರಿಟಿಷ್ ಸೇನೆಯ ಬಾಣದ ಗುರುತು ಬಿಳಿಯಲ್ಲಿ ಬರೆಯಿರಿ. ಸರಕಿಗೆ ಎಂ-ಸೀಲ್‌ನಲ್ಲಿ ಮರಳುಚೀಲ ಮಾಡಬಹುದು: ಒಂದೊಂದು 37×19×9 ಮಿ.ಮೀ., ಹಸಿ ಇದ್ದಾಗಲೇ ಒದ್ದೆ ಗೋಣಿಬಟ್ಟೆ ಒತ್ತಿ ನೇಯ್ಗೆ ಮೂಡಿಸಿ, ಒಂದರ ಮೇಲೊಂದು ಇಟ್ಟು ಕುಸಿಯಲು ಬಿಡಿ.

ರಟ್ಟಿನ ನೆಲದಲ್ಲಿ ಬೋಗಿ ತಿರುಗಿಸಿದ ಫೋಟೋ ಹಾಕಿ, ಮೇಲಿನಿಂದ ತೆಗೆದದ್ದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು. ಎಷ್ಟು ಸವರಬೇಕು ಅಂತ ಅದನ್ನು ನೋಡಿ ಹೇಳಬಹುದು.